ಕಾರಣ ಹೇಳದ ವಕೀಲ

"ನಿಲ್ಲಿಸ್ರೀ! ಆ ಗೋಡೆ ಮುಟ್ಟಬೇಡಿ!"

ನೊಯೆಮಿ ಕೂಗಿಕೊಳ್ಳುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ನೀಲಿ ಟೀ ಶರ್ಟಿನ ಆ ಉದ್ದನೆಯ ಮನುಷ್ಯ ಕೈಯಲ್ಲಿ ಬಣ್ಣದ ರೋಲರ್ ಹಿಡಿದುಕೊಂಡೇ ತಿರುಗಿದ. ಅವನ ಹಿಂದಿನ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತು ನಿಮಿಷದ ಹಿಂದೆ ಅದೇ ಗೋಡೆಯ ಮೇಲೆ ಇಪ್ಪತ್ತೆರಡು ವರ್ಷಗಳ ಪೆನ್ಸಿಲ್ ಗೆರೆಗಳಿದ್ದವು. ಷಿಕಾಗೋದ ಪಿಲ್ಸೆನ್ ಬಡಾವಣೆಯ ಅದೆಷ್ಟು ಮಕ್ಕಳು ಅಲ್ಲಿ ಬೆನ್ನು ತಾಗಿಸಿ ನಿಂತು ಎತ್ತರ ಗುರುತು ಹಾಕಿಸಿಕೊಂಡಿದ್ದರೋ! ಒಂದೊಂದು ಗೆರೆಯ ಪಕ್ಕದಲ್ಲೂ ನೊಯೆಮಿಯ ಅಮ್ಮನ ಕೈಬರಹವಿತ್ತು.

ಆ ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ಅದು... ಮಕ್ಕಳು ಗೀಚಿದ್ದು ಅಂದ್ಕೊಂಡೆ" ಎಂದ ಅವನು ತಡವರಿಸುತ್ತಾ.

"ಗೀಚಿದ್ದಾ?! ಪಕ್ಕದಲ್ಲಿ ಹೆಸರಿದೆ, ತಾರೀಖಿದೆ! ಕಣ್ಣು ಎಲ್ಲಿ ಇಟ್ಕೊಂಡಿದ್ರಿ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇಂಥದ್ದಕ್ಕೇ ನೋಡಿ.

ವರ್ಷಕ್ಕೊಂದು ದಿನ ಅವನು ಕೆಲಸ ಮಾಡುವ ದೊಡ್ಡ ಲಾ ಫರ್ಮಿನವರು ಸಮಾಜಸೇವೆಗೆ ಹೊರಡುತ್ತಾರೆ. ಲಂಡನ್, ಸಿಂಗಪುರ, ಸಾವೊ ಪಾಲೊ ಎಂದು ಹನ್ನೊಂದು ಊರುಗಳಲ್ಲಿ ಅವರ ಆಫೀಸು. ಹನ್ನೊಂದರಲ್ಲೂ ಅವತ್ತು ಅದೇ ನೀಲಿ ಟೀ ಶರ್ಟು. ಷಿಕಾಗೋದವರ ಪಾಲಿಗೆ ಈ ಸಲ ನೊಯೆಮಿ ಸಾಲ್ಗಾದೊ ನಡೆಸುವ ಶಿಶುವಿಹಾರ ಬಂದಿತ್ತು.

"ಇವರ ಕೈಗೆ ಬ್ರಷ್ ಕೊಡೋದು ಅಂದ್ರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ" ಎಂದು ಗೊಣಗಿದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚೇಲೋ ಅತ್ತೆ. ಸ್ವಂತ ಅತ್ತೆಯೇನಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿನ ಮಕ್ಕಳಿಗೆ ಬೇಯಿಸಿ ಹಾಕುತ್ತಿರುವ ಹೆಂಗಸು, ಬಡಾವಣೆಗೆಲ್ಲ ಅತ್ತೆ.

ನಾಲ್ಕು ಗಂಟೆಗೆ ಉಳಿದವರೆಲ್ಲ ಗುಂಪು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದರು. ಆ ಉದ್ದನೆಯವನು ಮಾತ್ರ ಹೋಗಲಿಲ್ಲ.

"ನನ್ನ ಹೆಸರು ರೋಮನ್ ವೊಯ್ಚಿಕ್. ನಾನು ಮಾಡಿದ್ದನ್ನ ಸರಿ ಮಾಡೋಕೆ ಆಗಲ್ಲ ಅಂತ ಗೊತ್ತು. ನಾನೊಬ್ಬ ವಕೀಲ. ಅದರಿಂದ ನಿಮಗೇನಾದ್ರೂ ಉಪಯೋಗ ಇದ್ರೆ..."

ನೊಯೆಮಿಗೆ ಎಲ್ಲಿತ್ತೋ ಸಿಟ್ಟು! ಮೇಜಿನ ಖಾನೆಯಿಂದ ಒಂದು ಕಾಗದ ಎಳೆದು ಅವನ ಎದೆಗೆ ಒತ್ತಿದಳು.

"ಇದೆಯಲ್ಲಾ ಉಪಯೋಗ! ಓದಿ ಇದನ್ನ!"

ಕಟ್ಟಡದ ಮಾಲೀಕರು ಕಳಿಸಿದ ನೋಟಿಸ್ ಅದು. ಲೀಸ್ ಮುಗಿದಿದೆ, ಮುಂದುವರಿಸುವಂತೆ ಕೋರಿ ನಿಮ್ಮಿಂದ ಯಾವ ಪತ್ರವೂ ಬಂದಿಲ್ಲ, ಜಾಗ ಖಾಲಿ ಮಾಡಿ. ಅಮ್ಮ ಕಟ್ಟಿದ ಶಿಶುವಿಹಾರ, ಮೂವತ್ತೊಂದು ಮಕ್ಕಳು, ಬೆಳಗ್ಗೆ ಏಳಕ್ಕೆ ಅವರನ್ನು ಬಿಟ್ಟು ಕೆಲಸಕ್ಕೆ ಓಡುವ ತಾಯಂದಿರು... ಎಲ್ಲರೂ ಬೀದಿಗೆ!

ರೋಮನ್ ನಿಂತಲ್ಲೇ ಎರಡು ಸಲ ಓದಿದ.

"ನಿಮ್ಮಮ್ಮ ಪತ್ರ ಬರೆದಿದ್ರಾ?"

"ರಿಜಿಸ್ಟರ್ ಪೋಸ್ಟಲ್ಲಿ ಕಳ್ಸಿದೀನಿ ಅಂತ ನನ್ನ ಹತ್ರ ಹೇಳಿದ್ರು. ಆದ್ರೆ ಅದಕ್ಕೆ ಸಾಕ್ಷಿ ಎಲ್ಲಿದೆ..."

"ಹುಡುಕೋಣ" ಎಂದ ಅವನು.

*

ಮುಂದಿನ ವಾರವೇ ಫರ್ಮು ಅವಳ ಕೇಸನ್ನು ಕೈಗೆತ್ತಿಕೊಂಡಿತು. ಪ್ರೋ ಬೋನೋ, ಅಂದರೆ ಫೀಸಿಲ್ಲದೆ.

ಪ್ರತಿ ಶನಿವಾರ ಹತ್ತಕ್ಕೆ ರೋಮನ್ ಬರುತ್ತಿದ್ದ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಕಾಗದ ಓದುತ್ತಿದ್ದ. ಚೇಲೋ ಅತ್ತೆ ಬಿಸಿಬಿಸಿ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಂದು ಅವನ ಮುಂದಿಡುತ್ತಿದ್ದಳು.

"ಮಾಣಿಕ್ಯ ಹಾಳು ಮಾಡಿದ ಮಂಗಕ್ಕೆ ಈಗ ತಮಾಲೆನಾ ಅತ್ತೆ?" ನೊಯೆಮಿ ಕೆಣಕುತ್ತಿದ್ದಳು.

"ಹೊಟ್ಟೆ ತುಂಬಾ ತಿನ್ನೋ ಗಂಡಸನ್ನ ನಂಬಬಹುದು ಕಣೇ. ನೀನೂ ಸ್ವಲ್ಪ ನೋಡು ಆ ಕಡೆ!"

ನೋಡದೆ ಇದ್ದರೆ ತಾನೇ! ಶುಕ್ರವಾರ ಸಂಜೆಯಿಂದಲೇ ಅವಳ ಕಣ್ಣು ಗಡಿಯಾರದ ಮೇಲಿರುತ್ತಿತ್ತು. 'ಕೇಸಿಗೋಸ್ಕರ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೇಸಿಗೋಸ್ಕರ ಯಾರಾದರೂ ಹೊಸ ಕಿವಿಯೋಲೆ ಹಾಕಿಕೊಳ್ಳುತ್ತಾರೆಯೇ? ಹುಚ್ಚು ಹುಡುಗಿ!

ಆರನೇ ಶನಿವಾರ ಅದು ಸಿಕ್ಕಿತು. ಉಗ್ರಾಣದಲ್ಲಿ, ಕ್ರಿಸ್‌ಮಸ್ ನಕ್ಷತ್ರಗಳ ಡಬ್ಬದ ತಳದಲ್ಲಿ, ಅಮ್ಮನ ಹಳೆಯ ಕಾಗದಗಳ ನಡುವೆ ಪೋಸ್ಟಾಫೀಸಿನ ಒಂದು ಕಾರ್ಡು. ಪತ್ರ ತಲುಪಿದೆ ಎಂದು ಮಾಲೀಕರ ಮ್ಯಾನೇಜರ್ ಸಹಿ ಹಾಕಿದ್ದ ಕಾರ್ಡು!

"ಸಿಕ್ತು! ರೋಮನ್, ಸಿಕ್ತು!"

ಅವಳು ಅಳುತ್ತಲೇ ನಕ್ಕಳು. ಅವನು ಧೂಳು ಮೆತ್ತಿದ ನೆಲದ ಮೇಲೆ ಕೂತುಬಿಟ್ಟು, ಅವಳ ಮುಖವನ್ನೇ ನೋಡುತ್ತಿದ್ದ. ಏನೋ ಹೇಳಹೊರಟವನು ಬಾಯಿ ಮುಚ್ಚಿಕೊಂಡ.

"ಇದನ್ನ ನನ್ನ ಫೈಲಲ್ಲಿ ಇಡ್ತೀನಿ" ಎಂದಷ್ಟೇ ಹೇಳಿದ.

ಮರುದಿನದಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಕಟ್ಟಡ ಕೈ ಬದಲಾಯಿತು. ಹಳೇ ಮಾಲೀಕರು ಅದನ್ನು ಮಾರಿದರು, ಮುಂಬಾಗಿಲಿನ ಮೇಲೆ ಯಾವುದೋ ಹೊಸ ಕಂಪನಿಯ ಫಲಕ ಬಂತು. ಖಾಲಿ ಮಾಡಿಸುವ ಹಟ ಅವರಿಗೂ ಇತ್ತು. ನೊಯೆಮಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಾರ್ಡು ಇತ್ತಲ್ಲ... ರೋಮನ್ ಇದ್ದನಲ್ಲ!

ಮುಂದಿನ ಶನಿವಾರ ಹತ್ತಾಯಿತು. ಹನ್ನೊಂದಾಯಿತು. ಅವನು ಬರಲಿಲ್ಲ.

ಸೋಮವಾರ ಒಂದು ಲಕೋಟೆ ಬಂತು.

'ನಮ್ಮ ವೃತ್ತಿಯ ನಿಯಮಗಳಿಗೆ ಅನುಸಾರವಾಗಿ, ಕೋರ್ಟಿನ ಅನುಮತಿ ಕೋರಿ, ಈ ಕೇಸಿನಿಂದ ಹಿಂದೆ ಸರಿಯುತ್ತಿದ್ದೇವೆ. ಹೆಚ್ಚಿನ ವಿವರ ನೀಡಲಾಗದು.'

ಕೆಳಗೆ ರೋಮನ್ ವೊಯ್ಚಿಕ್ ಎಂಬ ಸಹಿ.

ವಿಚಾರಣೆಗೆ ಉಳಿದಿದ್ದದ್ದು ಮೂರೇ ವಾರ!

*

ಹೊಳೆಯ ದಂಡೆಯಲ್ಲಿದ್ದ ಫರ್ಮಿನ ಗಾಜಿನ ಕಟ್ಟಡಕ್ಕೆ ಅವಳು ಹೋದಾಗ ರೋಮನ್ ಕೆಳಗಿಳಿದು ಬಂದ. ಸೂಟು ಹಾಕಿದ್ದ. ಮುಖ ಬಾಡಿತ್ತು.

"ಯಾಕೆ?" ಎಂದಳು ನೊಯೆಮಿ. ಒಂದೇ ಮಾತು.

"ಹೇಳೋ ಹಾಗಿಲ್ಲ."

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಖಂಡಿತ ಇಲ್ಲ! ದಯವಿಟ್ಟು... ಏನೂ ಕೇಳಬೇಡಿ ನೊಯೆಮಿ."

"ನನ್ನ ಕಾರ್ಡು ನಿಮ್ಮ ಹತ್ರ ಇದೆ. ನಮ್ಮಮ್ಮನ ಕಾಗದ ಎಲ್ಲಾ ನಿಮ್ಮ ಹತ್ರ ಇದೆ. ಅದನ್ನೆಲ್ಲ ಯಾರಿಗೆ ಕೊಟ್ರಿ? ಆ ಕಡೆಯೋರಿಗಾ?"

ಅವನ ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಬಿಡಲಿಲ್ಲ.

ಅವಳಿಗೆ ಅಷ್ಟೇ ಸಾಕಾಯಿತು.

"ನೀಲಿ ಅಂಗಿ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ರಿ. ಬಡವರ ಮನೆ ತಮಾಲೆ ತಿಂದ್ರಿ. ಮುಗೀತು ಅಲ್ವಾ ನಿಮ್ಮ ಸೇವೆ? ನಂಬಿಸಿ ಕತ್ತು ಕೊಯ್ಯೋದು ಅಂದ್ರೆ ಇದೇ!"

"ನಾಳೆ ಲೊರೇನ್ ಪೆಟಿಗ್ರೂ ಅನ್ನೋರು ಫೋನ್ ಮಾಡ್ತಾರೆ" ಎಂದ ರೋಮನ್, ಅವಳ ಕಣ್ಣು ತಪ್ಪಿಸಿ. "ನನ್ನ ಮೇಲಿನ ಸಿಟ್ಟಿಗೆ ಫೋನ್ ಇಟ್ಟುಬಿಡಬೇಡಿ. ಅಷ್ಟೇ ನಾನು ಕೇಳೋದು."

ಅವಳು ತಿರುಗಿಯೂ ನೋಡದೆ ಹೊರಟಳು. ರೈಲಿನಲ್ಲಿ ಎದುರಿಗೆ ಕೂತಿದ್ದ ಅಜ್ಜಿಯೊಬ್ಬಳು ತನ್ನ ಕರವಸ್ತ್ರ ಕೊಟ್ಟಾಗಲೇ ನೊಯೆಮಿಗೆ ತಾನು ಅಳುತ್ತಿರುವುದು ಗೊತ್ತಾದದ್ದು.

ಲೊರೇನ್ ಪೆಟಿಗ್ರೂ ಅರವತ್ತು ದಾಟಿದ ಹೆಂಗಸು, ಬಡವರ ಕೇಸು ನಡೆಸುವ ಉಚಿತ ಕಾನೂನು ನೆರವಿನ ಕಚೇರಿಯ ವಕೀಲೆ. ಫೋನ್ ಮಾಡಿದ ಮರುದಿನವೇ ದಪ್ಪ ಫೈಲೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು.

ನೊಯೆಮಿ ಅದನ್ನು ತೆರೆದಳು. ಮೊದಲ ಪುಟದಲ್ಲೇ ಇತ್ತು, ಆ ಕಾರ್ಡು! ಅಮ್ಮನ ಒಂದೊಂದು ಕಾಗದಕ್ಕೂ ನಂಬರು, ಒಂದೊಂದರ ಪಕ್ಕದಲ್ಲೂ ರೋಮನ್‌ನ ಚಿಕ್ಕ ಅಕ್ಷರದ ಟಿಪ್ಪಣಿ. ಒಂದು ಚೂರೂ ಕಳೆದಿರಲಿಲ್ಲ.

'ಹಾಗಾದರೆ ಯಾಕೆ ಬಿಟ್ಟುಹೋದ?'

ಆ ಪ್ರಶ್ನೆ ಮೂರು ವಾರ ಅವಳಿಗೆ ಊಟ ಸೇರಲು ಬಿಡಲಿಲ್ಲ.

*

ಶುಕ್ರವಾರದ ವಿಚಾರಣೆ ಮುಗಿಯಲು ನಲವತ್ತು ನಿಮಿಷ ಸಾಕಾಯಿತು.

"ಈ ಸಹಿ ಅಂದಿನ ಮ್ಯಾನೇಜರದ್ದು ಹೌದೋ ಅಲ್ವೋ?" ಎಂದು ಕೇಳಿದರು ಜಡ್ಜಮ್ಮ.

ಆ ಕಡೆಯ ವಕೀಲ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಹೌದು ಅಂತ ಕಾಣುತ್ತೆ" ಎಂದ.

"ಕಾಣೋದೇನು, ಇದೆ. ಪತ್ರ ತಲುಪಿದೆ. ಕರಾರಿನ ಪ್ರಕಾರ ಲೀಸ್ ಇನ್ನೂ ಐದು ವರ್ಷ ಊರ್ಜಿತ. ಯಾರೂ ಖಾಲಿ ಮಾಡಬೇಕಾಗಿಲ್ಲ."

ನೊಯೆಮಿಗೆ ಹೋದ ಜೀವ ಬಂದಂತಾಯಿತು! ಹೊರಗಿನ ಪಡಸಾಲೆಗೆ ಬಂದವಳೇ ಲೊರೇನಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಆಮೇಲೆ ಶಿಶುವಿಹಾರಕ್ಕೆ ಫೋನ್ ಮಾಡಿದಳು. ಆ ಕಡೆಯಿಂದ ಕೇಳಿಸಿದ್ದು ಚೇಲೋ ಅತ್ತೆಯ ಅಳು.

"ಈಗ ಒಂದು ಮಾತು ಹೇಳ್ತೀನಿ, ಕೂತ್ಕೋ" ಎಂದಳು ಲೊರೇನ್. "ಯಾರೂ ನನಗೆ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಮೂವತ್ನಾಲ್ಕು ವರ್ಷದ ಅನುಭವದ ಮೇಲೆ ಹೇಳ್ತಿದೀನಿ. ತಪ್ಪು ಮಾಡಿದ ವಕೀಲ ಹತ್ತು ಕಾರಣ ಹೇಳ್ತಾನೆ. ಒಂದೂ ಹೇಳದೆ ಹೋದ ಅಂದ್ರೆ ಅವನ ಬಾಯಿ ಕಟ್ಟಿದೆ ಅಂತ ಅರ್ಥ."

"ಯಾರು ಕಟ್ಟಿದ್ದು?"

"ಯೋಚನೆ ಮಾಡು. ಷಿಕಾಗೋದಲ್ಲಿ ಕೂತೋನು ನಿನ್ನ ಕೇಸು ಹಿಡಿದ. ನಡುವೆ ಕಟ್ಟಡಾನ ಬೇರೆ ಯಾರೋ ಕೊಂಡ್ಕೊಂಡ್ರು. ಆ ಕೊಂಡೋರ ಕೆಲಸಾನ ಅದೇ ಫರ್ಮಿನ ಲಂಡನ್ ಆಫೀಸಿನೋರು ಯಾವ ಕಾಲದಿಂದ್ಲೋ ನೋಡ್ಕೋತಿದ್ರೆ?"

ನೊಯೆಮಿ ಲೊರೇನಳ ತೋಳು ಹಿಡಿದುಕೊಂಡಳು.

"ಒಂದೇ ಫರ್ಮು... ಎರಡೂ ಕಡೆ?"

"ನಿಲ್ಲೋ ಹಾಗಿಲ್ಲ ಕಣಮ್ಮ. ನಿನ್ನ ಕಡೆನೂ ಇರೋ ಹಾಗಿಲ್ಲ, ನಿನ್ನ ಗುಟ್ಟು ಗೊತ್ತಾದ್ಮೇಲೆ ಆ ಕಡೆಗೆ ಹೋಗೋ ಹಾಗೂ ಇಲ್ಲ. ಯಾಕೆ ಅಂತ ಬಾಯಿ ಬಿಟ್ರೆ ವಕೀಲಿಕೆಯ ಸನ್ನದು ಹೋಗುತ್ತೆ. ಒಂದು ಮಾತ್ರ ಮಾಡಬಹುದು. ತನ್ನ ಬದಲಿಗೆ ಬೇರೆ ವಕೀಲರನ್ನ ಹುಡುಕಿ, ಫೈಲು ಒಪ್ಪಿಸಿ ಹೋಗಬಹುದು."

"ನಿಮ್ಮನ್ನ..."

"ನನ್ನ ಹತ್ರ ಆಗ್ಲೇ ಅರವತ್ತು ಕೇಸಿತ್ತು. ಆಗಲ್ಲ ಅಂದೆ. ಮಾರನೇ ಬೆಳಗ್ಗೆ ಏಳಕ್ಕೆ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಅದರ ಮಾರನೇ ದಿನಾನೂ! ನಾಲ್ಕನೇ ದಿನ ನನಗೇ ನಾಚಿಕೆ ಆಯ್ತು. 'ನೀವು ಈ ಕೇಸು ತಗೊಳ್ಳಿ, ನಿಮ್ಮದ್ರಲ್ಲಿ ಹತ್ತು ನನಗೆ ಕೊಡಿ, ಫೀಸಿಲ್ಲದೆ ನಾನು ನಡೆಸ್ತೀನಿ' ಅಂದ. ಈಗ ಶನಿವಾರ, ಭಾನುವಾರ ಎರಡೂ ದಿನ ಬಂದು ದುಡೀತಿದಾನೆ, ಪಾಪ."

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀನು ಸೀದಾ ಅವನ ಹತ್ರ ಓಡ್ತಿದ್ದೆ. ಕೇಸಿನ ಬಗ್ಗೆ ನೀವಿಬ್ರೂ ಒಂದು ಮಾತು ಆಡಿದ್ರೂ ಆ ಕಡೆಯೋರ ಕೈಗೆ ನಮ್ಮ ಜುಟ್ಟು ಸಿಕ್ಕಿದ ಹಾಗೆ. ಈಗ ತೀರ್ಪು ಬಂತು. ಇನ್ನು ಎಲ್ಲಿಗೆ ಬೇಕಾದ್ರೂ ಓಡು!"

'ಕತ್ತು ಕೊಯ್ದ ಅಂದೆನಲ್ಲ... ತಿಂದ ತಮಾಲೆಯನ್ನೂ ಎತ್ತಿ ಆಡಿದೆನಲ್ಲ... ನಾನೆಂಥ ಪಾಪಿ!'

ನೊಯೆಮಿ ಓಡಿದಳು.

ಬಹಳ ದೂರ ಓಡಬೇಕಾಗಲಿಲ್ಲ. ಕೋರ್ಟಿನ ಎದುರಿನ ಚೌಕದಲ್ಲಿ, ಕಲ್ಲಿನ ಬೆಂಚಿನ ತುದಿಯಲ್ಲಿ, ರೋಮನ್ ಕೂತಿದ್ದ. ಬೆಳಗ್ಗೆ ಎಂಟರಿಂದ ಕೂತಿದ್ದನೋ ಏನೋ. ಪಕ್ಕದಲ್ಲಿದ್ದ ಕಾಫಿ ಕುಡಿಯದೆ ತಣ್ಣಗಾಗಿತ್ತು. ಒಳಗೆ ಬರುವ ಹಾಗಿಲ್ಲದವನು ಹೊರಗೇ ಕಾದಿದ್ದ.

ಅವಳನ್ನು ಕಂಡು ದಡಕ್ಕನೆ ಎದ್ದ. ಅವಳ ಅತ್ತ ಕಣ್ಣು ಕಂಡು ಅವನ ಮುಖದ ರಕ್ತವೇ ಇಂಗಿಹೋಯಿತು.

"ಕೇಳಿ" ಎಂದಳು ನೊಯೆಮಿ ಏದುಸಿರು ಬಿಡುತ್ತಾ. "ಏನಾಯ್ತು ಅಂತ ಕೇಳಿ."

"ನಾನು ಕೇಳೋ ಹಾಗಿಲ್ಲ..."

"ಗೊತ್ತು! ಎಲ್ಲಾ ಗೊತ್ತು. ಹಾಗಾದ್ರೆ ನಾನೇ ಹೇಳ್ತೀನಿ. ಸೋಮವಾರ ಬೆಳಗ್ಗೆ ಏಳಕ್ಕೆ ಶಿಶುವಿಹಾರದ ಬಾಗಿಲು ತೆಗೆಯುತ್ತೆ. ಇನ್ನೂ ಐದು ವರ್ಷ ತೆಗೀತಾನೇ ಇರುತ್ತೆ!"

ಆರಡಿ ಎತ್ತರದ ಆ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮತ್ತೆ ಬೆಂಚಿನ ಮೇಲೆ ಕುಸಿದ. ಅವನ ಭುಜಗಳು ಅಲುಗುತ್ತಿದ್ದವು. ಅವಳು ಪಕ್ಕದಲ್ಲಿ ಕೂತಳು.

"ಅವತ್ತು ಬಾಯಿಗೆ ಬಂದಿದ್ದೆಲ್ಲಾ ಅಂದುಬಿಟ್ಟೆ. ಕ್ಷಮಿಸ್ತೀರಾ?"

"ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಇನ್ನೂ ಜಾಸ್ತಿ ಅಂತಿದ್ದೆ" ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ, ನಗಲು ನೋಡುತ್ತಾ. "ಆದ್ರೆ ಆ ವಿಷಯ ನಾನು ಯಾವತ್ತೂ ಹೇಳೋ ಹಾಗಿಲ್ಲ, ನೊಯೆಮಿ. ಹತ್ತು ವರ್ಷ ಆದ್ಮೇಲೂ."

"ಬೇಡ. ಕೇಳಲ್ಲ. ಇನ್ನೊಂದು ಕೇಳ್ತೀನಿ. ಅವತ್ತು ಉಗ್ರಾಣದಲ್ಲಿ ಏನೋ ಹೇಳೋಕೆ ಹೋಗಿ ಬಾಯಿ ಮುಚ್ಚಿಕೊಂಡ್ರಲ್ಲ... ಅದನ್ನೂ ಹೇಳೋ ಹಾಗಿಲ್ವಾ?"

ರೋಮನ್ ಅವಳ ಕಡೆ ತಿರುಗಿ ಕೂತ.

"ಆಗ ನೀವು ನನ್ನ ಕಕ್ಷಿದಾರರು. ಕಕ್ಷಿದಾರರಿಗೆ ವಕೀಲ ಅಂಥ ಮಾತು ಹೇಳೋ ಹಾಗಿಲ್ಲ. ಆಮೇಲೆ ಹೇಳೋಣ ಅಂದ್ರೆ... ನೀವು ಹೊಡೀತಿದ್ರಿ."

"ಖಂಡಿತ ಹೊಡೀತಿದ್ದೆ! ಈಗ?"

"ಈಗ ಯಾವ ನಿಯಮಾನೂ ಅಡ್ಡ ಇಲ್ಲ. ಪ್ರೀತಿಸ್ತೀನಿ, ನೊಯೆಮಿ. ನೀವು ನನ್ನ ಮೇಲೆ ಕೂಗಾಡಿದ ದಿನದಿಂದ..."

ಅವಳು ಅವನ ಕೈ ಹಿಡಿದುಕೊಂಡಳು. ತಣ್ಣಗಿತ್ತು ಆ ಕೈ. ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. ಅವನು ಮೆಲ್ಲಗೆ ಕೇಳಿದ:

"ಸೋಮವಾರ ಏಳಕ್ಕೆ, ಬಾಗಿಲು ತೆಗೆಯೋ ಹೊತ್ತಿಗೆ... ನಾನೂ ಬರ್ಲಾ?"

"ಏಳಕ್ಕೆ ಮಕ್ಕಳು ಬಂದುಬಿಡ್ತಾರೆ" ಎಂದಳು ನೊಯೆಮಿ. ಇಷ್ಟು ದಿನ ನೀವು, ತಾವು ಎಂದು ಜೋಪಾನವಾಗಿ ಆಡುತ್ತಿದ್ದ ಬಾಯಿಗೆ ಈಗ ಅದೆಲ್ಲ ಬೇಕಿರಲಿಲ್ಲ. "ನೀನು ಆರೂವರೆಗೇ ಬಾ."