ಕದಿರೇಶನ ವಿಮಾನ

"ತಾತ, ಇದೇನಿದು?"

ಆದಿಲಕ್ಷ್ಮಿ ಸ್ಕೂಲಿನ ಚೀಲ ಕೆಳಗಿಟ್ಟು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮಾಸ್ತಿ ಬೈರಮ್ಮನ ಮಗಂದು ವೀರಗಲ್ಲು ಕಣೇ," ಎಂದರು ತಾತ ಕಾಳಾಚಾರಿ, ಕಲ್ಲಿನ ಪುಡಿ ಊದುತ್ತಾ. "ವಿಮಾನದಾಗೆ ಸತ್ತ, ವಿಮಾನಾನೇ ಕಡೀಬೇಕಂತೆ ಅಂದ್ಯಲ್ಲ. ಕಡೆದಿದೀನಿ ನೋಡು."

ಕಡೆದಿದ್ದೇನೋ ನಿಜ. ಆದರೆ ಶಿವಾರಪಟ್ಟಣದ ಶಿಲ್ಪಿಗೆ ವಿಮಾನ ಎಂದರೆ ಗರ್ಭಗುಡಿಯ ಮೇಲಿನ ಗೋಪುರ. ತಾತ ಅದನ್ನೇ ಕಡೆದಿದ್ದರು. ಮೂರು ಅಂತಸ್ತು, ತುದಿಗೊಂದು ಕಳಶ, ಪಕ್ಕದಲ್ಲಿ ಕೈಮುಗಿದು ನಿಂತ ಹುಡುಗ.

ತಪ್ಪು ತಾತನದಲ್ಲ, ಆದಿಯದೇ.

ಮೂರು ವಾರದ ಹಿಂದೆ ಬೈರಮ್ಮ ಬಂದಾಗ ತಾತ ಮನೆಯಲ್ಲಿರಲಿಲ್ಲ. ಅವಳು ಆದಿಯ ಕೈಗೆ ಒಂದು ಫೋಟೋ ಕೊಟ್ಟು, "ನನ್ ಮಗನ ವೀರಗಲ್ಲಾಗೆ ಈ ವಿಮಾನಾನೇ ಕಡೀಬೇಕು, ತಾತಂಗೆ ತೋರ್ಸವ್ವ," ಎಂದು ಹೇಳಿ ಹೋಗಿದ್ದಳು. ಅದರಲ್ಲಿ ಬಾಂಬು ಹಾಕುವ ವಿಮಾನದ ರೆಕ್ಕೆಯ ಕೆಳಗೆ ಅವಳ ಮಗ ಕದಿರೇಶ ನಗುತ್ತಾ ನಿಂತಿದ್ದ. ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಗನ್ನು ಹಿಡಿಯುವುದು ಅವನ ಕೆಲಸ. ಹೋದ ವರ್ಷ ಮಹಾಯುದ್ಧದಲ್ಲಿ, ಬರ್ಮಾದ ಮೇಲೆ ಹಾರುವಾಗ ಶತ್ರುಗಳು ಆ ವಿಮಾನವನ್ನು ಹೊಡೆದು ಬೀಳಿಸಿದರು. ಇಪ್ಪತ್ತೊಂದೇ ವಯಸ್ಸು. ಹೆಣವೂ ಸಿಗಲಿಲ್ಲ.

ಆದಿ ಆ ಫೋಟೋ ಸ್ಕೂಲಿಗೆ ಒಯ್ದು ಎಲ್ಲರಿಗೂ ತೋರಿಸಿ ಜಂಬ ಕೊಚ್ಚಿದಳು. ಮೇಷ್ಟ್ರೂ ನೋಡಿದರು. ತಾತನಿಗೆ ಮಾತ್ರ ನಾಳೆ ತೋರಿಸಿದರಾಯಿತು ಎಂದುಕೊಂಡು, ಬರೀ ಬಾಯಲ್ಲಿ ಹೇಳಿ ಕೈತೊಳೆದುಕೊಂಡಿದ್ದಳು. ಫೋಟೋ ಇನ್ನೂ ಲೆಕ್ಕದ ಪುಸ್ತಕದಲ್ಲೇ ಇತ್ತು.

ಕಲ್ಲೇನು ಸ್ಲೇಟೇ, ಉಗುಳು ಹಚ್ಚಿ ಒರೆಸಲು? ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತು. ಬೈರಮ್ಮ ಇಳಿದಳು.

ಆದಿಗೆ ಅಳು ಬಂತು. ಆದರೂ ಫೋಟೋ ತೆಗೆದು ತಾತನಿಗೆ ಕೊಟ್ಟಳು. "ಇದು ತೋರ್ಸೋದು ಮರ್ತಿದ್ದೆ, ತಾತ."

ತಾತ ಫೋಟೋ ನೋಡಿದರು, ಕಲ್ಲು ನೋಡಿದರು. "ಇದಾ ವಿಮಾನ?" ಎಂದು ತಲೆಯ ವಸ್ತ್ರ ತೆಗೆದರು. "ಬೈರಮ್ಮ, ತಪ್ಪಾಯ್ತು. ನಾನು ಗುಡಿ ವಿಮಾನ ಅಂದ್ಕೊಂಡೆ. ಬೇರೆ ಕಲ್ಲು ಮಾಡ್ಕೊಡ್ತೀನಿ."

ಬೈರಮ್ಮ ಕಲ್ಲಿನ ಮುಂದೆ ಕೂತು, ಗೋಪುರದ ಮೇಲೆ ಬೆರಳಾಡಿಸುತ್ತಾ ಬುಡಕ್ಕೆ ಬಂದಳು.

"ಇದೇನು ಆಚಾರ್ರೇ, ಇಲ್ಲಿ?"

"ಬಾಗ್ಲು. ಬಾಗ್ಲಿಲ್ದೆ ಗುಡಿ ಹೆಂಗಾಯ್ತದೆ?"

ಬೈರಮ್ಮನ ಬೆರಳು ಅಲ್ಲೇ ನಿಂತಿತು. "ಫೋಟೋದಾಗೆ ಎಷ್ಟು ದಿನ ಹುಡುಕಿದೀನೋ. ಎಲ್ಲೂ ಬಾಗ್ಲೇ ಕಾಣ್ಲಿಲ್ಲ. ಬೆಂಕಿ ಹತ್ಕೊಂಡಾಗ ನನ್ ಮಗ ಎತ್ಲಾಗಿಂದ ಈಚೆಗೆ ಬಂದಾನು ಅಂತ ಒಂದೇ ಯೋಚ್ನೆ."

ವಿಮಾನಕ್ಕೆ ಮೇಲ್ಗಡೆ ಗಾಜಿನ ಮುಚ್ಚಳ ಇರುತ್ತದೆ, ಅದನ್ನು ಸರಿಸಿ ಹೊರಗೆ ಬರುತ್ತಾರೆ ಎಂದು ಮೇಷ್ಟ್ರು ಹೇಳಿದ್ದರು. ಹೇಳಲು ಆದಿ ಬಾಯಿ ತೆರೆದಳು. ಬೈರಮ್ಮನ ಮುಖ ನೋಡಿ ಸುಮ್ಮನಾದಳು.

"ಇದೇ ಇರ್ಲಿ ಬಿಡಿ," ಎಂದಳು ಬೈರಮ್ಮ. ಬೆರಳಿಟ್ಟು ಬಾಗಿಲಿನ ಎತ್ತರ ಅಳೆದು ಮತ್ತೆ ಹೇಳಿದಳು, "ಬಾಗ್ಲು ಒಂಚೂರು ಎತ್ರ ಮಾಡ್ತೀರಾ? ಉದ್ದದ ಆಳು ಅವ್ನು. ಬಗ್ಗದೆ ಬರೋ ಹಂಗಿರ್ಲಿ."

ತಾತ ಹೂಂ ಎಂದರು. ಯಾರೂ ಕೇಳುವ ಮೊದಲೇ ಆದಿಲಕ್ಷ್ಮಿ ಒಳಗೆ ಹೋಗಿ ಸಣ್ಣ ಉಳಿ ತಂದು ಅವರ ಕೈಗಿಟ್ಟಳು.