ಹೊಸ್ತಿಲಿನಿಂದ ಅಳೆದವನು

ಅವನ ದನಿ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ.

ಬೈಲಹೊಂಗಲದ ಆ ಖಾಲಿ ಜಾಗದಲ್ಲಿ ಅಳತೆಯ ಟೇಪು ಹಿಡಿದು, ಬೆನ್ನು ಹಾಕಿ ಕುಳಿತವನು ಅವನೇ ಎಂದು ಮಹಾನಂದಾಳಿಗೆ ಅನ್ನಿಸಿತು. ಆದರೂ ರಸ್ತೆಯಲ್ಲೇ ನಿಂತಳು. ಮುನವಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ...

“ಕಲ್ಮೇಶ ಅವ್ರೇನ್ರಿ?”

ಅವನು ತಿರುಗಿದ. ಟೇಪು ಕೈಜಾರಿ ಸರ್ರನೆ ಸುರುಳಿಯೊಳಗೆ ಸೇರಿತು.

“ಮಹಾನಂದಾ ಅವ್ರು...” ದನಿಯಿಂದಲೇ ಗುರುತಿಸಿದ್ದ.

“ತಂಡ ಬಿಟ್ಟು ಹೊಂಟೀರಿ ಅನ್ನೋದು ಬಾಳೇಶನಿಂದ ಗೊತ್ತಾಗಬೇಕೇನ್ರಿ ನನಗ?”

ಅವನು ತಲೆ ತಗ್ಗಿಸಿದ.

ಅದು ಸೆಮಿಸ್ಟರ್ ರಜೆಯ ಆನ್‌ಲೈನ್ ಕೋರ್ಸು. ಬೇರೆ ಬೇರೆ ವಿಷಯ ಓದುವ ಮೂವರು, ಬೇರೆ ಬೇರೆ ಊರಲ್ಲಿ ಕುಳಿತು ಒಂದೇ ಕಟ್ಟಡ ವಿನ್ಯಾಸ ಮಾಡುವುದನ್ನು ಕಲಿಯಬೇಕು. ಇವರ ಪಾಲಿಗೆ ಬಂದದ್ದು ಬೈಲಹೊಂಗಲದ ಒಂದು ವಾಚನಾಲಯ. ವಾಸ್ತುಶಿಲ್ಪ ಓದುವ ಮಹಾನಂದಾ ಅದರ ರೂಪ ಬಿಡಿಸಿದಳು. ಎಂ.ಕೆ. ಹುಬ್ಬಳ್ಳಿಯ ಕಲ್ಮೇಶ, ಸಿವಿಲ್ ವಿದ್ಯಾರ್ಥಿ, ಕಂಬ ತೊಲೆಗಳ ಲೆಕ್ಕ ಹಾಕಿದ. ರಾಮದುರ್ಗದ ಬಾಳೇಶ ಕಟ್ಟುವ ಕೆಲಸದ ಕ್ರಮ ಜೋಡಿಸಿದ.

ನೆಟ್‌ವರ್ಕ್ ಸಾಲದ್ದರಿಂದ ಕ್ಯಾಮೆರಾ ಆರಿಸಿಯೇ ಮಾತು. ಬಾಳೇಶ ಮಾತು ಮುಗಿಸಿ ಹೊರಟ ಮೇಲೂ ಇವರಿಬ್ಬರೂ ಕರೆ ಕಡಿಯುತ್ತಿರಲಿಲ್ಲ. ಅತ್ತಲಿಂದ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು, ಇತ್ತಲಿಂದ ಅವ್ವ ರೊಟ್ಟಿ ಬಡಿಯುವ ಸದ್ದು. ಎಷ್ಟನೇ ರೊಟ್ಟಿ ಎಂದು ಅವನು ಕೇಳಿ ನಗಿಸುತ್ತಿದ್ದ.

ಕಳೆದ ವಾರ ಇಬ್ಬರ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ಒಂದುಗೂಡಿಸಿದರು. ಅವನ ತೊಲೆ ಅವಳ ಕಿಟಕಿಗೆ ಅಡ್ಡವಾಗಿ ಹಾದುಹೋಗಿತ್ತು.

ಶಾಲೆಯಲ್ಲಿ ಅವಳು ನೆಲದ ಮೇಲೆ ಕುಳಿತು ಓದುತ್ತಿದ್ದಾಗ ಎತ್ತರದ ಕಿಟಕಿಯಲ್ಲಿ ಆಕಾಶವಷ್ಟೇ ಕಾಣುತ್ತಿತ್ತು. ಅದಕ್ಕೇ ಈ ಕಿಟಕಿಯನ್ನು ನೆಲದ ಹತ್ತಿರದಿಂದಲೇ ಎಬ್ಬಿಸಿದ್ದಳು. ಅದನ್ನು ಹೇಳಿದ್ದು ಕಲ್ಮೇಶನಿಗೆ ಮಾತ್ರ.

ತೊಲೆ ಮೇಲಕ್ಕೇರಿಸಿ ಎಂದು ಅವಳು ಬರೆದಳು. ತೊಲೆ ಸರಿಯಾಗಿದೆ ಎಂದು ಅವನು ಬರೆದ. ದಿನದಿನಕ್ಕೆ ಸಾಲುಗಳು ಚಿಕ್ಕವಾದವು. ಆಮೇಲೆ ಕರೆಗಳೂ ನಿಂತವು.

ಎಲ್ಲ ಗೊತ್ತಿದ್ದೂ ಹೀಗೆ ಮಾಡಿದನೇ?

ಇವತ್ತು ಬೆಳಿಗ್ಗೆ ಬಾಳೇಶ ಫೋನು ಮಾಡಿದ. ನಾಳೆ ಎಲ್ಲರ ಎದುರು ವಿನ್ಯಾಸದ ಪರಿಶೀಲನೆ. ತನ್ನನ್ನು ಬೇರೆ ತಂಡಕ್ಕೆ ಹಾಕಿ ಎಂದು ಕಲ್ಮೇಶ ಕೋರ್ಸು ನಡೆಸುವ ಮೇಡಂ ಅವರನ್ನು ಕೇಳಿಕೊಂಡಿದ್ದಾನೆ, ಸಂಜೆ ಅವರು ಹಾಗೇ ಮಾಡುತ್ತಾರೆ. ಈಗ ಕೊನೆಯ ಸಲ ಜಾಗ ಅಳೆದು ತನ್ನ ಲೆಕ್ಕ ಪರೀಕ್ಷಿಸಲು ಬೈಲಹೊಂಗಲಕ್ಕೆ ಹೋಗಿದ್ದಾನೆ.

ತಂಡವಿಲ್ಲದಿದ್ದರೆ ಕರೆಯಿಲ್ಲ. ಆ ದನಿಯೂ ಇಲ್ಲ... ಅವ್ವನಿಗೆ ಏನೋ ನೆಪ ಹೇಳಿ ಅವಳು ಬಸ್ಸು ಹತ್ತಿದ್ದಳು.

“ನಿಮ್ಮ ಲೆಕ್ಕ ಸರಿ ಇದ್ರ ಬಿಟ್ಟು ಹೋಗೋದ್ಯಾಕ?” ಅವಳು ಮತ್ತೆ ಕೇಳಿದಳು.

“ಲೆಕ್ಕ ಸರಿ ಐತ್ರಿ. ಅಳತಿ ಸೊನ್ನಿಯಿಂದ ಏಳೂವರಿ ಫೂಟ್ ಮ್ಯಾಲ ಐತಿ ತೊಲಿ.”

“ನಾನೂ ಸೊನ್ನಿಯಿಂದನ ಅಳದೇನಿ. ಇಲ್ಲಿಂದ.” ಸಿಟ್ಟಿನಲ್ಲಿ ರಸ್ತೆಯನ್ನು ಕಾಲಿನಿಂದ ತಟ್ಟಿದಳು.

ಕಲ್ಮೇಶ ಅವಳ ಕಾಲನ್ನೇ ನೋಡುತ್ತ ನಿಂತ.

“ನಿಮ್ಮ ಸೊನ್ನಿ... ರಸ್ತಿ ಮ್ಯಾಲೇನ್ರಿ?”

“ಮತ್ತ? ಕಾಲೇಜಿನ್ಯಾಗ ಹಂಗ ಕಲಿಸ್ಯಾರ.”

ಅವನು ತಾನು ನಿಂತಿದ್ದ ಎತ್ತರದ ಜಾಗದಲ್ಲಿ, ಬಾಗಿಲು ಬರಬೇಕಾದ ಕಡೆ ಎಳೆದಿದ್ದ ಸುಣ್ಣದ ಗೆರೆ ತೋರಿಸಿದ.

“ನನ್ನ ಸೊನ್ನಿ ಇಲ್ಲೈತ್ರಿ, ಹೊಸ್ತಿಲದಾಗ. ನಮ್ಮ ಮನ್ಯಾಗ ಗೌಂಡಿ ಕೆಲಸ, ಗ್ವಾಡಿ ಕಟ್ಟಾವ್ರು. ಹೊಸ್ತಿಲ ಪೂಜಿ ಆತಂದ್ರ ಎಲ್ಲಾ ಅಳತಿ ಅಲ್ಲಿಂದನ. ಬ್ಯಾರೆ ಕಡಿಯಿಂದ ಅಳೀತಾರಂತ ನನಗ ಹೊಳೀಲಿಲ್ಲ.”

ಟೇಪಿನ ತುದಿಯನ್ನು ಅವಳತ್ತ ಇಳಿಬಿಟ್ಟ. ರಸ್ತೆಯಿಂದ ಗೆರೆಯವರೆಗೆ ಎರಡೂವರೆ ಅಡಿ. ತೊಲೆ ತಗ್ಗಿಗೆ ಬಂದದ್ದೂ ಅಷ್ಟೇ.

ಇಬ್ಬರ ಲೆಕ್ಕವೂ ಸರಿಯಿತ್ತು. ಎಲ್ಲಿಂದ ಶುರು ಎಂದು ಒಬ್ಬರೂ ಕೇಳಿರಲಿಲ್ಲ.

ಮಹಾನಂದಾ ಟೇಪಿನ ತುದಿ ಬಿಡಲಿಲ್ಲ. ಅವಳಿಗೆ ತೊಲೆಯ ಚಿಂತೆ ಹೋಗಿತ್ತು, ಸಂಜೆಯ ಚಿಂತೆ ಹೋಗಿರಲಿಲ್ಲ.

“ತಂಡ ಯಾಕ ಬಿಟ್ರಿ?”

“ನಾ ಹ್ವಾದ್ರ ಬ್ಯಾರೇದವ್ರು ಬರತಾರ, ನಿಮ್ಮ ಕಿಟಕಿ ಉಳೀತೈತಿ ಅಂದ್ಕೊಂಡೆ.” ಅವನು ಮಾತಿಗೆ ತಡಕಾಡಿದ. “ಅದನ್ನ ಕೆಡಿಸಿ, ಮತ್ತ ನಿಮ್ಮ ದನಿ ಕೇಳೋ ಧೈರ್ಯ ನನಗಿರಲಿಲ್ಲರಿ. ಕೇಳದನ ಇರೋದೂ ಆಗವಲ್ದು.”

ಅವಳ ಕಣ್ಣು ತುಂಬಿದವು.

“ಕಿಟಕಿ ಇನ್ನೊಂದು ಬಿಡಿಸ್ತಿದ್ದೆ, ಕಲ್ಮೇಶ. ನಿಮ್ಮನ್ನ ಎಲ್ಲಿಂದ ತರಲಿ? ಮೊದಲ ಮೇಡಂಗೆ ಫೋನ್ ಹಚ್ರಿ.”

ಮೊದಲ ಕರೆ ಹೋಗಲಿಲ್ಲ. ಎರಡನೆಯದು ರಿಂಗಾಗುತ್ತಲೇ ಇತ್ತು... ಕೊನೆಗೂ ಅವನು ಮಾತಾಡಿದ. ಅತ್ತಲಿನ ಮಾತು ಕೇಳಿಸದೆ ಅವಳು ಅವನ ಮುಖವನ್ನೇ ನೋಡಿದಳು. ಬಿಗಿದಿದ್ದ ಹುಬ್ಬು ಸಡಿಲವಾಯಿತು. ಅವನು ಫೋನಿಗೆ ಕೈ ಅಡ್ಡ ಹಿಡಿದ.

“ತಂಡದಾಗ ಇರು ಅಂದ್ರು. ಸೊನ್ನಿ ಎಲ್ಲಿ ಇಡತೀರಿ ಅಂತ ಕೇಳಾಕತ್ತಾರ.”

ಮಹಾನಂದಾ ರಸ್ತೆ ಬಿಟ್ಟು ಮೇಲೇರಿ ಬಂದು, ಸುಣ್ಣದ ಗೆರೆಯ ಮೇಲೆ ಅವನ ಪಕ್ಕ ನಿಂತಳು.

“ಇಲ್ಲೇ ಅಂತ ಹೇಳ್ರಿ.”

ಹೇಳಿ ಫೋನಿಟ್ಟ. ಟೇಪು ಸುತ್ತುತ್ತ ಅವಳತ್ತ ತಿರುಗಿದ.

“ಸಂಜಿಗೆ ಕರೆ ಮಾಡ್ಲೇನ್ರಿ? ಕೆಲಸದ ಮಾತಂತೂ ಏನೂ ಉಳದಿಲ್ಲ.”

“ಮಾಡ್ರಿ,” ಎಂದಳು. “ಕ್ಯಾಮೆರಾ ಮಾತ್ರ ಆರಿಸಬ್ಯಾಡ್ರಿ.”