ತಾತ ತಿರುಗಿ ನೋಡಿದ ಬೆಳಗು

ಕಾಯಿಸಿದ ಡಾಂಬರಿನ ವಾಸನೆ...

ಅವಳಿಗೆ ಅಪ್ಪ ಎಂದರೆ ಆ ವಾಸನೆಯೇ. ಅವಳು ಚಿಕ್ಕವಳಿದ್ದಾಗ, ದೋಣಿಯ ತಳಕ್ಕೆ ಡಾಂಬರು ಬಳಿದು ಬಂದ ಅಪ್ಪ ಕೈ ತೊಳೆಯುವ ಮೊದಲೇ ಅವಳ ಗಲ್ಲ ಹಿಂಡುತ್ತಿದ್ದ. ಅಮ್ಮ ಎಣ್ಣೆ ಹಚ್ಚಿ ಆ ಕಪ್ಪು ಒರೆಸುತ್ತಾ ಇಬ್ಬರಿಗೂ ಬೈಯುತ್ತಿದ್ದಳು.

ಅಪ್ಪ ಸಮುದ್ರದಿಂದ ಮರಳದೆ ಎಷ್ಟೋ ವರ್ಷಗಳಾಗಿದ್ದವು. ಆದರೂ ದಡದಲ್ಲಿ ಯಾರಾದರೂ ಡಾಂಬರು ಕಾಯಿಸಿದರೆ ಅವಳ ಕೈ ತಾನಾಗಿಯೇ ಗಲ್ಲಕ್ಕೆ ಹೋಗುತ್ತಿತ್ತು.

ಅಂದು ಬೆಳಗ್ಗೆಯೂ ಹೋಗಿತ್ತು. ಅಷ್ಟರಲ್ಲಿ...

"ರೀ! ಕಾಲು ತೆಗೀರಿ!"

ಅವಳು ಮರಳಿನ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದ ಬಲೆಯ ನಟ್ಟನಡುವೆ ಯಾರೋ ಒಬ್ಬ ನಿಂತಿದ್ದ. ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡಿದ್ದ. ಅವಳ ದನಿಗೆ ಬೆಚ್ಚಿ ಹಿಂದೆ ಸರಿದವನು ಬಲೆಗೆ ಕಾಲು ಸಿಕ್ಕಿ ದೊಪ್ಪನೆ ಕೂತುಬಿಟ್ಟ.

"ಅಬ್ಬಾ, ದೊಡ್ಡ ಮೀನೇ ಬಿತ್ತಲ್ಲೇ!" ಪಕ್ಕದಲ್ಲಿದ್ದ ಸೋದರತ್ತೆ ಕಿಸಕ್ಕನೆ ನಕ್ಕಳು.

ಅವನು ಎಳೆದಾಡಲಿಲ್ಲ. ಒಂದೊಂದೇ ಕಣ್ಣಿ ಬಿಡಿಸಿಕೊಂಡ. ಒಂದು ದಾರವೂ ಹರಿಯಲಿಲ್ಲ. ಮರುದಿನದಿಂದ ಶೂಗಳನ್ನು ರಸ್ತೆಯ ಅಂಚಿನ ಗೋಡೆಯ ಮೇಲೇ ಬಿಟ್ಟು ಬರಿಗಾಲಲ್ಲಿ ಬರತೊಡಗಿದ.

'ಪರವಾಗಿಲ್ಲ... ಮರ್ಯಾದೆ ಗೊತ್ತಿದೆ' ಎಂದುಕೊಂಡಳು ಅವಳು. ಆಮೇಲೆ, ಹಾಗೆ ಅಂದುಕೊಂಡಿದ್ದಕ್ಕೆ ತನ್ನ ಮೇಲೇ ಸಿಡುಕಿದಳು. ತಾತ ಅವಳನ್ನು 'ಸಿಡುಕಿ' ಎಂದು ಸುಮ್ಮನೆ ಕರೆಯುತ್ತಿರಲಿಲ್ಲ!

ಪೂರ್ವ ಕರಾವಳಿಯ ಕಡಲ ಊರುಗಳ ಸೂರ್ಯೋದಯದ ಬಗ್ಗೆ ಅವನು ಒಂದು ಪುಸ್ತಕ ಮಾಡುತ್ತಿದ್ದ. ಮುಖಪುಟಕ್ಕೆ ಈ ಊರಿನ ಚಿತ್ರವೇ ಬೇಕಂತೆ. ಅದನ್ನು ಕೇಳಿ ಅವಳ ಎದೆ ಉಬ್ಬಿತು. ಯಾಕೆಂದರೆ ಆ ವರ್ಷ ತಾತ ದೋಣಿಯ ಚುಕ್ಕಾಣಿಯನ್ನು ಚಿಕ್ಕಪ್ಪನಿಗೆ ಬಿಟ್ಟುಕೊಡುವವನಿದ್ದ. ಅದಕ್ಕೆ ಮೊದಲು, ಚುಕ್ಕಾಣಿ ಹಿಡಿದ ತಾತನ ಒಂದು ಒಳ್ಳೆಯ ಫೋಟೋ ಬೇಕು ಎನ್ನುವುದು ಅವಳ ಆಸೆ.

"ನಮ್ಮ ತಾತನದು ತೆಗೀತೀರಾ?"

"ಆಗಲೇ ತೆಗೆದಿದ್ದೀನಿ! ನೋಡಿ..."

ಅವಳು ಇಣುಕಿದಳು. ಬಂಗಾರದ ಆಕಾಶ, ಬೆಂಕಿಯಂಥ ಸಮುದ್ರ. ಅದರ ನಡುವೆ ದೋಣಿ, ದೋಣಿಯಲ್ಲಿ ಒಂದು ಕಪ್ಪು ಆಕೃತಿ.

"ಇದರಲ್ಲಿ ತಾತನ ಮುಖ ಎಲ್ಲಿ?"

"ಸೂರ್ಯ ಹಿಂದೆ ಇದ್ದಾನಲ್ಲ, ಹೀಗೇ ಬರೋದು. ನೆರಳು ಥರ. ಇದೇ ಇದರ ಚೆಂದ..."

"ಚೆಂದಾನಾ?!"

ಅವಳ ಕಣ್ಣು ಕೆಂಪಾಯಿತು. "ಬನ್ನಿ ನನ್ನ ಜೊತೆ" ಎಂದವಳೇ ಅವನನ್ನು ಮನೆಗೆ ಕರೆದೊಯ್ದಳು. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರ. ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆ. ಬಂಗಾರದ ಆಕಾಶ, ಬೆಂಕಿಯಂಥ ಸಮುದ್ರ, ಒಂದು ಕಪ್ಪು ಆಕೃತಿ.

"ನಮ್ಮಪ್ಪ. ನಮ್ಮ ಹತ್ತಿರ ಇರೋದು ಇದೊಂದೇ ಫೋಟೋ. ನಿಮ್ಮಂಥವರೇ ಯಾರೋ ತೆಗೆದಿದ್ದು. ಅಮ್ಮ ದಿನಾ ಒರೆಸ್ತಾಳೆ... ಮುಖಾನೇ ಇಲ್ಲದ ಫೋಟೋನ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಮ್ಮ ಕೇಳಿಸಿಕೊಂಡಿದ್ದಳು.

"ನಮ್ಮವರು ನಿಮ್ಮ ಸೂರ್ಯನಿಗೆ ಅಲಂಕಾರ ಅಲ್ಲ. ಅವರಿಗೂ ಮುಖ ಇದೆ!"

ಅವನು ಬಹಳ ಹೊತ್ತು ಆ ಚಿತ್ರದ ಮುಂದೆ ನಿಂತ. ತಲೆ ತಗ್ಗಿಸಿ ಹೊರಟುಹೋದ.

ಮರುದಿನ ರಸ್ತೆಯಂಚಿನ ಗೋಡೆಯ ಮೇಲೆ ಶೂಗಳಿರಲಿಲ್ಲ. ಅದರ ಮರುದಿನವೂ ಇರಲಿಲ್ಲ.

'ಓಡಿಹೋದ. ಒಂದು ಮಾತಿಗೇ!' ಬಲೆ ಹೊಲಿಯುವ ಸೂಜಿ ಬೆರಳಿಗೆ ಚುಚ್ಚಿತು. 'ಹೋಗಲಿ, ನನಗೇನಂತೆ?' ಮತ್ತೆ ಚುಚ್ಚಿತು.

ಆ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ನಡುರಾತ್ರಿ ಕಳೆದು ತಾತ ಕಡಲಿಗೆ ಹೊರಡುವಾಗ ಊಟದ ಡಬ್ಬಿಯನ್ನು ಅವಳೇ ಕೈಗೆ ಕೊಡುತ್ತಿದ್ದಳು. ಅದು ಯಾವಾಗಲೂ ಅರ್ಧ ಉಳಿದೇ ವಾಪಸ್ ಬರುತ್ತಿತ್ತು. ಈಗ ಒಂದು ಅಗುಳೂ ಉಳಿಯುತ್ತಿರಲಿಲ್ಲ.

"ಏನು ತಾತ, ಈ ವಯಸ್ಸಿನಲ್ಲಿ ಇಷ್ಟು ಹಸಿವು?"

"ಸಮುದ್ರದ ಗಾಳಿ ಕಣೇ ಸಿಡುಕಿ. ನಾಳೆ ಇನ್ನೂ ಸ್ವಲ್ಪ ಜಾಸ್ತಿ ಹಾಕು."

ತಾತ ಚುಕ್ಕಾಣಿ ಹಿಡಿಯುವ ಕೊನೆಯ ಬೆಳಗು ಬಂತು. ಊರಿಗೆ ಊರೇ ದಡದಲ್ಲಿ ನೆರೆದಿತ್ತು. ಸೂರ್ಯ ನೀರಿನಿಂದ ಮೇಲೆದ್ದಂತೆ ದೋಣಿ ಕಾಣಿಸಿತು. ಪ್ರತಿದಿನ ಬಂಡೆಯ ಆಚೆ ದಡ ಸೇರುತ್ತಿದ್ದ ಚಿಕ್ಕಪ್ಪನ ದೋಣಿ ಅಂದು ತಾತನ ಬೆನ್ನಿಗೇ ಬರುತ್ತಿತ್ತು.

ದಡದ ಹತ್ತಿರ ಅಲೆಗಳು ಮುರಿಯುವ ಜಾಗದಲ್ಲಿ ತಾತ ದೋಣಿ ತಡೆದು ಹಿಂದಕ್ಕೆ ತಿರುಗಿದ. ಎಂದಿನಂತೆ. ಹಿಂದೆ ಬರುವ ಅಲೆಯನ್ನು ಅಳೆದು, ಸರಿಯಾದುದನ್ನು ಆರಿಸಿ ಅದರ ಮೇಲೆ ದೋಣಿ ತರಬೇಕಲ್ಲ! ದಡದಲ್ಲಿದ್ದವರಿಗೆ ಕಂಡದ್ದು ಅವನ ಬೆನ್ನು. ಅವರಿಗೆ ಯಾವತ್ತೂ ಕಂಡದ್ದು ಅಷ್ಟೇ.

ಮರುಕ್ಷಣ ದೋಣಿ ಮರಳಿಗೆ ಏರಿತು. ಎಲ್ಲರೂ ಕೂಗಿದರು. ಚಿಕ್ಕಪ್ಪನ ದೋಣಿಯಿಂದ ಒಬ್ಬ ತೂರಾಡುತ್ತಾ ಇಳಿದ. ಬಟ್ಟೆಯೆಲ್ಲ ಒದ್ದೆ, ಮುಖ ಹಳದಿ. ಕ್ಯಾಮೆರಾ ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಬೆಚ್ಚಗಿತ್ತು.

"ನೀವಾ?!"

"ದಿನಾ ನಿನ್ನ ಚಿಕ್ಕಪ್ಪನ ದೋಣೀಲಿ ಬರ್ತಿದ್ದ," ತಾತ ನಕ್ಕ. "ದಿನಾ ವಾಂತಿ. ಪಾಪ, ಇವನಿಗೆ ಡಬ್ಬಿ ಕೊಡೋರು ಯಾರಿದ್ದಾರೆ? ಕಡಲಲ್ಲಿ ದೋಣಿ ಪಕ್ಕಕ್ಕೆ ಬಂದಾಗ ನಂದರಲ್ಲೇ ಪಾಲು ಕೊಡ್ತಿದ್ದೆ."

ಅವಳು ತಾತನ ಕೈಯಲ್ಲಿದ್ದ ಖಾಲಿ ಡಬ್ಬಿ ನೋಡಿದಳು. 'ಓಡಿಹೋದ ಅಂದುಕೊಂಡೆನಲ್ಲ... ಇಷ್ಟು ದಿನ ನನ್ನ ಕೈಯಡುಗೆಯನ್ನೇ ತಿಂದಿದ್ದಾನೆ!'

"ಮೊದಲ ದಿನ ಬಗ್ಗಿ ವಾಂತಿ ಮಾಡ್ತಿದ್ದೆ," ಅವನು ನಾಚಿಕೊಂಡೇ ಹೇಳಿದ. "ತಲೆ ಎತ್ತಿದಾಗ ದೂರದಲ್ಲಿ ತಾತ ತಿರುಗಿದ್ರು. ಪೂರ್ತಿ ಬಿಸಿಲು ಅವರ ಮುಖದ ಮೇಲಿತ್ತು. ಹತ್ತಿರದಿಂದ ತೆಗೆಯೋದಕ್ಕೆ ಇವತ್ತೊಂದು ದಿನ ತಾತನ ಹಿಂದೆಯೇ ಬನ್ನಿ ಅಂತ ಚಿಕ್ಕಪ್ಪನ ಕಾಲು ಹಿಡಿದೆ. ಆ ಚಿತ್ರ ಸಿಕ್ಕ ಮೇಲೇ ನಿಮಗೆ ಮುಖ ತೋರಿಸೋಣ ಅಂತ..."

ಕ್ಯಾಮೆರಾ ಅವಳ ಕೈಗಿತ್ತ.

ತಾತ! ಗದ್ದ ಮೇಲೆತ್ತಿ, ಕಣ್ಣು ಕಿರಿದಾಗಿಸಿ, ಬರುವ ಅಲೆಯನ್ನು 'ಬಾ ನೋಡೋಣ' ಎನ್ನುವಂತೆ ನೋಡುತ್ತಿದ್ದ. ಒಂದೊಂದು ಸುಕ್ಕೂ ಬೆಳಗುತ್ತಿತ್ತು. ಅವನ ಹಿಂದೆ ಇಡೀ ಊರು, ಎಲ್ಲರ ಮುಖದ ಮೇಲೂ ಅದೇ ಬೆಳಕು.

"ಅಯ್ಯೋ, ನನ್ನ ಮೂಗು ಇಷ್ಟು ದಪ್ಪಾನಾ?" ಅತ್ತೆ ಕೂಗಿದಳು.

"ದಪ್ಪಾನೇ," ಎಂದ ತಾತ.

ಅಮ್ಮ ಮಾತ್ರ ನಗಲಿಲ್ಲ. ಕ್ಯಾಮೆರಾದಲ್ಲಿ ಕಾಣುತ್ತಿದ್ದ ತಾತನ ಮುಖವನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು, ಗೋಡೆಯ ಚಿತ್ರವನ್ನು ಒರೆಸುವಂತೆ.

"ನಿಮ್ಮ ಮಗನಿಗೂ ಇದೇ ಗದ್ದ, ಇದೇ ಕಣ್ಣು... ಅವರೂ ಹೀಗೇ ನೋಡ್ತಿದ್ರು ಅಲ್ವಾ ಮಾವ?"

"ನನಗಿಂತ ಜೋರಾಗಿ," ಎಂದ ತಾತ.

ಜನ ಕರಗಿದ ಮೇಲೆ ಅವಳು ಕೇಳಿದಳು, "ಇನ್ನು ಹೊರಡ್ತೀರಾ?"

"ಮುಖಪುಟ ಆಯ್ತು. ಆದರೆ..." ಅವನು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಜನರ ನಡುವೆ ಅವಳು. ಕೈ ಗಲ್ಲದ ಮೇಲೆ. "ಎಲ್ಲರ ಮುಖ ನೋಡ್ತಾ ಹೋಗ್ತೀನಿ, ಇಲ್ಲಿಗೆ ಬಂದರೆ ಮುಂದಕ್ಕೆ ಹೋಗೋಕೆ ಆಗಲ್ಲ. ನಾನು ಇಲ್ಲೇ ಇರಬಹುದಾ?"

"ವಾಂತಿ ಮಾಡ್ಕೊಂಡಾ?"

"ಕಲಿತೀನಿ."

ಅವಳು ಉತ್ತರ ಹೇಳದೆ ಮನೆಯ ಕಡೆ ಹೆಜ್ಜೆ ಹಾಕಿದಳು. ಅವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕೆ!

ನಡುರಾತ್ರಿ ಕಳೆದಾಗ, ಲಾಟೀನಿನ ಬೆಳಕಿನಲ್ಲಿ ಚಿಕ್ಕಪ್ಪ ತಾತನ ದೊಡ್ಡ ದೋಣಿ ನೂಕುತ್ತಿದ್ದ. ಬೀಳ್ಕೊಡಲು ಬಂದ ತಾತ ಮರಳಿನಲ್ಲಿ ಕೂತಿದ್ದ. ಅವಳು ಡಬ್ಬಿ ಹಿಡಿದು ಬಂದದ್ದು ಕಂಡು ತಾತ ಅಭ್ಯಾಸಬಲದಿಂದ ಕೈ ಚಾಚಿದ. ಆಮೇಲೆ ಅವಳ ಮುಖ ನೋಡಿ, ಮೀಸೆಯಡಿಯಲ್ಲೇ ನಕ್ಕು, ಆ ಕೈಯಿಂದ ತಲೆ ಕೆರೆದುಕೊಂಡ.

ಅವಳು ತಾತನನ್ನು ದಾಟಿ ನಡೆದಳು. ದೋಣಿಯ ಅಂಚು ಹಿಡಿದು ಬರಿಗಾಲಲ್ಲಿ ನಿಂತವನ ಕೈಯಲ್ಲಿ ಬೆಚ್ಚಗಿನ ಡಬ್ಬಿ ಇಟ್ಟಳು.